ಬೆರಳುದ್ದದ ಪ್ರಾಣಿ

ಕೇಶವ್ ಕಳಿಸಿದ ಮೆಸೇಜನ್ನು ಲತಾಶ್ರೀ ಬೆಳಗಿನಿಂದ ಏಳೆಂಟು ಸಲವಾದರೂ ಓದಿರಬೇಕು. ‘ಮೇಡಂ, ತನಿಷಾ ಕಾಲೇಜ್ ಅಪ್ಲಿಕೇಶನ್ ಬಗ್ಗೆ ನಿಮ್ಮ ಹತ್ರ ಸ್ವಲ್ಪ ಮಾತಾಡೋದಿತ್ತು. ಆ ಫಾಸಿಲ್ ವಿಷಯ. ಇವತ್ತು ನಾಲ್ಕು ಗಂಟೆಗೆ ಮನೇಗೆ ಬರಬಹುದಾ?’ ಕೊನೆಗೆ ಕೈಮುಗಿದ ಒಂದು ಪುಟ್ಟ ಚಿತ್ರ. ಆರು ವರ್ಷದಲ್ಲಿ ಆ ಮನುಷ್ಯ ಅವಳಿಗೆ ಕೈಮುಗಿದದ್ದು ಇದೇ ಮೊದಲು. ಅವಳು ‘ಖಂಡಿತ ಬನ್ನಿ’ ಎಂದು ಬರೆದು, ಅಷ್ಟಕ್ಕೇ ಬಿಡದೆ ಒಂದು ನಗುಮುಖವನ್ನೂ ಸೇರಿಸಿ ಕಳಿಸಿದ್ದಳು. ಬರಲಿ, ಬರಲಿ ಮಹಾರಾಯ. ಗಂಡ ಸೋಮು ಕಾರಿನ ಟೈರ್ ಬದಲಿಸಿಕೊಂಡು ಬರಲು ಡೌನರ್ಸ್ ಗ್ರೋವ್‌ಗೆ ಹೋಗಿದ್ದ. ಊರಿನಿಂದ ಬಂದಿದ್ದ ಅತ್ತೆ ಅನುಸೂಯಮ್ಮ ಹಾಲ್‌ನಲ್ಲಿ ಕಾಲಿಗೆ ಕಂಬಳಿ ಸುತ್ತಿಕೊಂಡು ಸೀರಿಯಲ್ ನೋಡುತ್ತಿದ್ದರು. ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ ನವೆಂಬರ್ ಶನಿವಾರ. ಪಕ್ಕದ ಮನೆಯವನು ಯಂತ್ರ ಹಿಡಿದು ಒಣಗಿದ ಎಲೆಗಳನ್ನು ತನ್ನ ಹುಲ್ಲಿನಿಂದ ಇವರ ಹುಲ್ಲಿಗೆ ಊದುತ್ತಿದ್ದ. ಲತಾಶ್ರೀ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಮನೆಗೆ ಬಂದವರಿಗೆ ತಿಂಡಿ ಕೊಡದೆ ಅವರ ಮರ್ಯಾದೆ ತೆಗೆಯುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕೇಶವನಿಗೆ ಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು: ಪತ್ರ. ಎಂ.ಎಸ್ಸಿ. ಭೂವಿಜ್ಞಾನ ಓದಿದ ತಾನು, ಅವನ ಮಗಳು ತನಿಷಾಳೇ ಹನ್ನೊಂದನೆಯ ವಯಸ್ಸಿನಲ್ಲಿ ಆ ಪಳೆಯುಳಿಕೆಯ ಕಲ್ಲನ್ನು ಹೆಕ್ಕಿದಳೆಂದು ಸಹಿ ಹಾಕಿ ಕೊಡಬೇಕು. ಎಂಥ ಧೈರ್ಯ. ಕದ್ದವನು ಮಾಲಿನ ಒಡತಿಯ ಹತ್ತಿರವೇ ಬಂದು ರಸೀದಿ ಕೇಳುವ ಧೈರ್ಯ. ರವೆ ತುಸು ಹೆಚ್ಚೇ ಕೆಂಪಾಯಿತು, ಅವಳಿಗೆ ಪರಿವೆಯಿರಲಿಲ್ಲ. ಆರು ವರ್ಷದ ಹಿಂದಿನ ಆ ದಿನ ಬ್ರೇಡ್‌ವುಡ್ ಕಡೆಯ ಹಳೆಯ ಕಲ್ಲಿದ್ದಲು ಗಣಿಯ ಗುಡ್ಡೆಗಳಿಗೆ ಎರಡೂ ಮನೆಯವರನ್ನು ಕರೆದುಕೊಂಡು ಹೋದವಳು ಇವಳೇ. ಎರಡು ಕಾರು, ನಲವತ್ತು ಮೈಲಿ, ಡಬ್ಬಗಳಲ್ಲಿ ಪುಳಿಯೋಗರೆ. ಗಣಿಯವರು ಕಲ್ಲಿದ್ದಲಿಗಾಗಿ ಅಗೆದು, ಬೇಡದ ಮಣ್ಣನ್ನು ರಾಶಿ ಹಾಕಿ ಹೋಗಿದ್ದರು. ರಾಶಿಯ ಮೇಲೆ ಹುಲ್ಲು ಬೆಳೆದು ಗುಡ್ಡವಾಗಿತ್ತು. ಮಳೆ ಕೊರೆದ ಕಡೆಯೆಲ್ಲ ಆಲೂಗಡ್ಡೆ ಗಾತ್ರದ ತುಕ್ಕುಬಣ್ಣದ ಕಲ್ಲುಂಡೆಗಳು ಇಣುಕುತ್ತಿದ್ದವು. ‘ಪ್ರತಿಯೊಂದರೊಳಗೂ ಏನೋ ಒಂದು ಸತ್ತಿದೆ’ ಎಂದು ಅವಳು ಮಕ್ಕಳಿಗೆ ಹೇಳಿದ್ದಳು. ಮೂವತ್ತು ಕೋಟಿ ವರ್ಷಗಳ ಹಿಂದೆ ಈ ಇಲಿನಾಯ್ ಇಲ್ಲಿರಲಿಲ್ಲ, ಭೂಮಧ್ಯರೇಖೆಯ ಹತ್ತಿರ ಬೆವರುತ್ತ ಬಿದ್ದಿತ್ತು. ಡೈನೋಸಾರ್‌ಗಳು ಹುಟ್ಟುವುದಕ್ಕೆ ಇನ್ನೂ ಎಷ್ಟೋ ಕೋಟಿ ವರ್ಷವಿತ್ತು. ನೂರು ಅಡಿಯ ಮರಗಳು, ಅವುಗಳಲ್ಲಿ ಒಂದೇ ಒಂದು ಹೂವಿಲ್ಲ. ಅಂಗೈಗಿಂತ ದೊಡ್ಡ ಏರೋಪ್ಲೇನ್ ಚಿಟ್ಟೆಗಳು. ಸಮುದ್ರಕ್ಕೆ ಕೆಸರು ಸುರಿಯುವ ನದಿಬಾಯಿ. ಅಲ್ಲಿ ಸತ್ತ ಹುಳ, ಮೀನು, ಎಲೆ ಕೊಳೆಯುವ ಮೊದಲೇ ಕೆಸರು ಅದನ್ನು ಮುಚ್ಚಿತು. ಕೆಸರಿನ ಕಬ್ಬಿಣದಂಶ ಸುತ್ತ ಗಟ್ಟಿಯಾಗಿ ಉಂಡೆ ಕಟ್ಟಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದ್ದರು. ಕೇಶವ್ ಮಾತ್ರ ಹಿಂದೆ ನಿಂತು ಫೋಟೋ ಹೊಡೆಯುತ್ತಿದ್ದ.

ಆ ಉಂಡೆಗಳನ್ನು ಸುತ್ತಿಗೆಯಿಂದ ಒಡೆಯಬಾರದು. ನೀರಿನಲ್ಲಿ ನೆನೆಸಿ, ಫ್ರೀಜರಿನಲ್ಲಿಟ್ಟು, ತೆಗೆದು ಕರಗಿಸಿ, ಮತ್ತೆ ಇಡಬೇಕು. ಹತ್ತು ಸಲ, ಇಪ್ಪತ್ತು ಸಲ, ಕೆಲವಕ್ಕೆ ಐವತ್ತು ಸಲ. ಒಳಗಿನ ಪ್ರಾಣಿಯೇ ಕಲ್ಲಿನ ದುರ್ಬಲ ಜಾಗ. ನೀರು ಅಲ್ಲಿಗೆ ಹೊಕ್ಕು ಮಂಜುಗಟ್ಟಿ ಹಿಗ್ಗುತ್ತದೆ, ಕೊನೆಗೊಂದು ದಿನ ಉಂಡೆ ತಾನಾಗಿಯೇ ಎರಡು ಹೋಳಾಗುತ್ತದೆ. ಒಂದರಲ್ಲಿ ಅಚ್ಚು, ಇನ್ನೊಂದರಲ್ಲಿ ಅದರ ಪಡಿಯಚ್ಚು. ಎರಡೂ ಮನೆಯವರ ಕಲ್ಲುಗಳಿಗೆ ಇವಳದ್ದೇ ಫ್ರೀಜರ್, ಇವಳದ್ದೇ ಕೈ. ಆಗಸ್ಟಿನ ಒಂದು ಮಧ್ಯಾಹ್ನ ಸಿಂಕಿನಲ್ಲಿ ಒಂದು ಉಂಡೆ ಟಕ್ಕೆಂದು ಬಿರಿಯಿತು. ಒಳಗೆ ಬೆರಳುದ್ದದ ಪ್ರಾಣಿ. ಕಪ್ಪೆಯೂ ಅಲ್ಲ, ಹಲ್ಲಿಯೂ ಅಲ್ಲ. ನಾಲ್ಕು ಕಾಲು, ಕಾಲಿಗೆ ಕೂದಲೆಳೆಯಂಥ ಬೆರಳುಗಳು, ಕುತ್ತಿಗೆಯ ಪಕ್ಕ ಕಿವಿರಿನ ನೆರಳು. ನೀರಿನಿಂದ ನೆಲಕ್ಕೆ ಕಾಲಿಟ್ಟವರ ಪೈಕಿ ಒಂದು. ಲಕ್ಷ ಉಂಡೆ ಒಡೆದರೂ ಇಂಥದೊಂದು ಸಿಗುವುದು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಸಿಂಕಿನ ಅಂಚು ಹಿಡಿದುಕೊಂಡು ಅತ್ತಿದ್ದಳು. ಮದುವೆಯಾಗಿ ಬಂದು ಒಂಬತ್ತು ವರ್ಷ, ಗಂಡನ ವೀಸಾದ ಬಾಲದಲ್ಲಿ ಬಂದವಳು ಕೆಲಸ ಮಾಡುವಂತಿಲ್ಲ ಎಂದು ಮನೆಯಲ್ಲಿ ಕೂತ ಒಂಬತ್ತು ವರ್ಷ. ಅಷ್ಟೂ ವರ್ಷಕ್ಕೆ ಆ ಪ್ರಾಣಿ ಒಂದೇ ಉತ್ತರವಾಗಿ ಬಂದಂತಿತ್ತು.

ಹತ್ತಿರದ ಒಂದು ಮ್ಯೂಸಿಯಮ್ಮಿನ ಸಮಿತಿಯಲ್ಲಿ ತನಗೆ ಗೊತ್ತಿರುವವರಿದ್ದಾರೆ, ತೋರಿಸಿಕೊಂಡು ಬರುತ್ತೇನೆ ಎಂದು ಕೇಶವ್ ಒಂದು ಹೋಳನ್ನು ಒಯ್ದ. ನಾಲ್ಕು ತಿಂಗಳ ನಂತರ ಆ ಚಿಕ್ಕ ಮ್ಯೂಸಿಯಮ್ಮಿನಲ್ಲಿ ಸಮಾರಂಭ. ಗಾಜಿನ ಪೆಟ್ಟಿಗೆಯ ಕೆಳಗೆ ಚೀಟಿ: ಕಂಡುಹಿಡಿದವರು ತನಿಷಾ ಕೇಶವ್, ವಯಸ್ಸು ಹನ್ನೊಂದು. ಇಲ್ಲಿನ ಕನ್ನಡ ಕೂಟದ ಅರ್ಧ ಜನ ಬಂದಿದ್ದರು. ಕೇಶವ್ ಭಾಷಣದ ಕೊನೆಗೆ ಅವಳ ಕಡೆ ಕೈ ತೋರಿಸಿ, “ಇವ್ರು ನಮ್ ಸೋಮು ಮಿಸೆಸ್. ಪಾಪ, ಮೂರು ತಿಂಗಳು ತಮ್ಮ ಫ್ರೀಜರ್ ಬಿಟ್ಕೊಟ್ರು. ಮಕ್ಕಳೇ, ಫ್ರೀಜರ್ ಆಂಟಿಗೆ ಒಂದು ದೊಡ್ಡ ಚಪ್ಪಾಳೆ!” ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ಅದೇ ಅವಳನ್ನು ಈಗಲೂ ಸುಡುವುದು. ತಾನು ನಕ್ಕದ್ದು, ಹಲ್ಲು ಕಾಣುವಂತೆ ನಕ್ಕು ಕೈ ಬೀಸಿದ್ದು. ಆಮೇಲೆ ಯುಗಾದಿಗೆ, ರಾಜ್ಯೋತ್ಸವಕ್ಕೆ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದಲ್ಲೆಲ್ಲ ಅವಳು ಫ್ರೀಜರ್ ಆಂಟಿ. ಹೊಸದಾಗಿ ಬಂದವರು ಐಸ್‌ಕ್ರೀಂ ವ್ಯಾಪಾರವೇ ಎಂದು ಕೇಳಿದ್ದೂ ಉಂಟು. ಸೋಮು ಹೇಳಿದ್ದ, “ಬಿಡು ಲತಾ, ಚಿಕ್ಕ ಹುಡುಗಿ ಹೆಸರು ತಾನೇ, ಗಲಾಟೆ ಯಾಕೆ.” ಅಂದಿನಿಂದ ಸೋಮುವಿನ ಮೇಲೂ ಅವಳಿಗೆ ಒಳಗೊಳಗೇ ಒಂದು ಮುನಿಸು ಉಳಿದುಬಿಟ್ಟಿತ್ತು.

ಈಗ ಅವಳಿಗೆ ಕೆಲಸವಿದೆ. ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತಿರುವ ಸರಕು ಸಾಗಾಣಿಕೆ ಆಫೀಸಿನಲ್ಲಿ ಪೆಟ್ಟಿಗೆಗಳ ಕಾಗದ ನೋಡುವ ಕೆಲಸ. ಮೂವತ್ತು ಮೈಲಿ ಹೋಗಿ ಮೂವತ್ತು ಮೈಲಿ ಬರುವಾಗ ಕಾರಿನೊಳಗೆ ಒಬ್ಬಳೇ ಕೂತು ಅವಳು ಕೇಶವನನ್ನು ಎಷ್ಟೋ ಬಗೆಯಲ್ಲಿ ಮುಗಿಸಿದ್ದಾಳೆ. ತೀರ ಇತ್ತೀಚೆಗೆ, ಭೂಮಿಯ ಲೆಕ್ಕದಲ್ಲಿ ನಿನ್ನೆಯೋ ಮೊನ್ನೆಯೋ ಅನ್ನಬಹುದಾದ ಇಪ್ಪತ್ತು ಸಾವಿರ ವರ್ಷದ ಹಿಂದೆ, ಈ ರಸ್ತೆಯ ಮೇಲೆ ಅರ್ಧ ಮೈಲಿಗೂ ಮೀರಿದ ದಪ್ಪದ ಮಂಜು ಕೂತಿತ್ತು. ಅದು ಉತ್ತರದಿಂದ ಬರುತ್ತ ದಾರಿಯಲ್ಲಿ ಸಿಕ್ಕ ಬೆಟ್ಟಗಳನ್ನು ಅರೆದು ಹಿಟ್ಟು ಮಾಡಿತ್ತು. ಕೆಂಪು ದೀಪಕ್ಕೆ ಕಾರು ನಿಂತಾಗ ಅವಳು ಆ ಮಂಜನ್ನು ಮತ್ತೆ ಕರೆಯುತ್ತಿದ್ದಳು, ಕೇಶವನ ಮೂರು ಗ್ಯಾರೇಜಿನ ಮನೆಯ ಮೇಲೆ ನಿಧಾನವಾಗಿ ಹಾಯಿಸುತ್ತಿದ್ದಳು. ಮೊದಲು ಮೇಲ್ಛಾವಣಿ, ಆಮೇಲೆ ಮಹಡಿ, ಆಮೇಲೆ ಸೋಫಾದ ಮೇಲೆ ಕೂತ ಅವನು. ಹಿಂದಿನ ಕಾರಿನವರು ಹಾರ್ನ್ ಹೊಡೆದಾಗ ದೀಪ ಹಸಿರಾಗಿರುತ್ತಿತ್ತು. ಆ ಕೆಸರು ಮೂವತ್ತು ಕೋಟಿ ವರ್ಷ ಕಾದಿದೆ, ನಾನು ಆರು ವರ್ಷ ಕಾಯಲಾರೆನೇ ಎಂದುಕೊಳ್ಳುತ್ತಿದ್ದಳು. ಇವತ್ತು ಆ ದಿನ ಬಂದಿತ್ತು. ಉಪ್ಪಿಟ್ಟು ತಿನ್ನಲಿ. ಕಾಫಿ ಕುಡಿಯಲಿ. ಪತ್ರದ ಮಾತೆತ್ತಲಿ. ಆಗ ಇನ್ನೊಂದು ಹೋಳನ್ನು ತಂದು ಟೇಬಲ್ಲಿನ ಮೇಲಿಟ್ಟು, ಹುಡುಗಿಯ ಎದುರಿಗೇ ಕೇಳುವುದು: ಕೇಶವ್ ಅವ್ರೇ, ಇದು ನನ್ನ ಹತ್ರ ಯಾಕಿದೆ ಅಂತ ನಿಮ್ಮ ಮಗಳಿಗೆ ಹೇಳ್ತೀರಾ?

ಮೂರೂವರೆಗೆ ಅವಳು ಮೇಲಿನ ಕೋಣೆಗೆ ಹೋಗಿ, ರೇಷ್ಮೆ ಸೀರೆಗಳ ಅಡಿಯಿಂದ ಆ ಹೋಳನ್ನು ತೆಗೆದಳು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ತೆಗೆದು ನೋಡಿದ್ದು ಈ ಆರು ವರ್ಷದಲ್ಲಿ ಮೂರೋ ನಾಲ್ಕೋ ಸಲ, ಅದೂ ದೀಪದ ಬೆಳಕಿನಲ್ಲಿ. ಇವತ್ತು ಕಿಟಕಿಯ ಹತ್ತಿರ ಒಯ್ದಳು. ಪ್ರಾಣಿ ಹಾಗೆಯೇ ಇತ್ತು, ಬಾಲ ತುಸು ಮಡಚಿಕೊಂಡು ಮಲಗಿತ್ತು. ಅದರ ಸುತ್ತ, ಕಲ್ಲಿನ ಸಿಪ್ಪೆಗೂ ಒಳಭಾಗಕ್ಕೂ ನಡುವೆ, ಉಗುರಿನಷ್ಟು ದಪ್ಪದ ನೀಲಿ-ಬೂದು ಪಟ್ಟಿ. ಲತಾಶ್ರೀ ಅದನ್ನು ನೋಡಿದಳು. ನೋಡಿ, ಪಂಚೆಯ ತುಂಡಿನಿಂದ ಮುಚ್ಚಿದಳು. ಗುಡ್ಡದ ಮೇಲೆ ಬಿಸಿಲು-ಗಾಳಿಗೆ ಬಿದ್ದಿದ್ದ ಉಂಡೆಗಳು ಒಳಗಿನ ತನಕ ತುಕ್ಕು ಹಿಡಿದು ಕೆಂಪಾಗಿರುತ್ತವೆ. ನೀರಿನ ಅಂಚಿನ ಕೆಸರಿನಲ್ಲಿ ಹೂತಿದ್ದವಕ್ಕೆ ತುಕ್ಕು ಪೂರ್ತಿ ಏರುವುದಿಲ್ಲ, ನೀಲಿ ಪಟ್ಟಿ ಉಳಿದಿರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ದಿನ ಅವಳು ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ಮೇಲೆಯೇ ಹೆಕ್ಕಿದ್ದಳು. ಕೆಳಗೆ, ಗಣಿಗುಂಡಿಯ ಕೆರೆಯ ಅಂಚಿಗೆ ಇಳಿದು ಹೋಗಿದ್ದದ್ದು ಒಬ್ಬಳೇ ಒಬ್ಬಳು. ಗುಲಾಬಿ ಬೂಟು ಹಾಕಿಕೊಂಡು, ಬೇಡ ಎಂದರೂ ಕೇಳದೆ ಹೋದ ಹುಡುಗಿ.

ಹಾಗಾದರೆ ಇವಳ ಕಲ್ಲುಗಳ ಡಬ್ಬದಲ್ಲಿ ಅದು ಹೇಗೆ ಬಂತು? ಅದೂ ಗೊತ್ತು. ಗೊತ್ತಿದ್ದೂ ಆರು ವರ್ಷ ಅದರ ಹತ್ತಿರ ಸುಳಿಯದೆ ಇದ್ದಳು. ಖಾಲಿಯಾದ ಮೊಸರಿನ ಡಬ್ಬವನ್ನು ಬಿಸಾಡುವ ಅಭ್ಯಾಸ ಈ ಮನೆಯಲ್ಲಿಲ್ಲ, ಕೇಶವನ ಮನೆಯಲ್ಲೂ ಇಲ್ಲ. ಎರಡೂ ಮನೆಯವರ ಕಲ್ಲುಗಳು ಒಂದೇ ಬಗೆಯ ಬಿಳಿ ಮೊಸರಿನ ಡಬ್ಬಗಳಲ್ಲಿ ನೆನೆಯುತ್ತಿದ್ದವು. ಹೆಸರು ಬರೆದಿದ್ದದ್ದು ಮುಚ್ಚಳಗಳ ಮೇಲೆ ಮಾತ್ರ. ಆ ಬೇಸಿಗೆಯೂ ಅತ್ತೆ ಬಂದಿದ್ದರು. ಹೋಳಿಗೆಗೆ ಮಾಡಿದ ಹೂರಣ, ತೆಂಗಿನ ತುರಿ, ಯಾವುದಕ್ಕೂ ಫ್ರೀಜರಿನಲ್ಲಿ ಜಾಗವಿಲ್ಲವೆಂದು ಒಂದು ದಿನ ಎಲ್ಲ ಕಲ್ಲುಗಳನ್ನೂ ಸುರಿದು, ನಾಲ್ಕು ಡಬ್ಬದ ಮಾಲನ್ನು ಎರಡಕ್ಕೆ ತುಂಬಿ, ಕೈಗೆ ಸಿಕ್ಕ ಮುಚ್ಚಳ ಮುಚ್ಚಿದ್ದರು. “ಕಲ್ಲು ತಾನೇ, ಕೆಡತ್ತಾ?” ಎಂದಿದ್ದರು. ಅವಳು ಕೂಗಾಡಿದ್ದಳು. ಎರಡು ದಿನ ಮಾತು ಬಿಟ್ಟಿದ್ದಳು. ಹತ್ತು ದಿನದ ಮೇಲೆ ಆ ಉಂಡೆ ಬಿರಿದಾಗ, ಅದಿದ್ದ ಡಬ್ಬದ ಮುಚ್ಚಳದ ಮೇಲೆ ‘ಲತಾ’ ಎಂದಿತ್ತು. ಅಷ್ಟು ಸಾಕಾಗಿತ್ತು. ಅಲ್ಲಿಂದ ಮುಂದೆ ಅವಳಿಗೆ ಹೆಕ್ಕಿದ ನೆನಪೂ ಬಂದಿತ್ತು: ಗುಡ್ಡದ ಇಳಿಜಾರು, ಒಣ ಹುಲ್ಲು, ಅಂಗೈಯಲ್ಲಿ ಉಂಡೆಯ ಭಾರ. ಎಷ್ಟು ಸಲ ನೆನೆದಿದ್ದಳೆಂದರೆ ಆ ಹುಲ್ಲಿನ ವಾಸನೆಯೂ ಬರುತ್ತಿತ್ತು. ಕೇಶವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಸುಳ್ಳೆಂದುಕೊಂಡೇ ಬರೆಸಿದ್ದು. ಹಾಗಿದ್ದ ಮೇಲೆ ಅವನು ಕಳ್ಳನೇ ತಾನೆ? ಅವಳು ಕಿಟಕಿಯ ಬಳಿ ನಿಂತು ಇದನ್ನು ಎರಡು ಮೂರು ಸಲ ತನಗೇ ಹೇಳಿಕೊಂಡಳು. ಕೆಳಗೆ ಬಾಗಿಲ ಗಂಟೆ ಹೊಡೆಯಿತು.

ತನಿಷಾಳೇ ಕಾರು ಓಡಿಸಿಕೊಂಡು ಬಂದಿದ್ದಳು. ಎತ್ತರವಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಕೇಶವ್ ಕೈಯಲ್ಲಿ ಒಣಹಣ್ಣಿನ ಡಬ್ಬ, ಶೂ ಬಿಚ್ಚುತ್ತ ಅನುಸೂಯಮ್ಮನವರಿಗೆ “ಚೆನ್ನಾಗಿದೀರಾಮ್ಮ, ಚಳಿ ತಡೀತಿದೀರಾ?” ಎಂದ. ಎಂದಿನ ಗಟ್ಟಿ ಗಂಟಲು ಇರಲಿಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ ಹುಡುಗಿ ಮುಟ್ಟಲಿಲ್ಲ.

“ಆಂಟಿ, ಐ ನೀಡ್ ಟು ಸೇ ದಿಸ್ ಫಸ್ಟ್,” ಎಂದಳು ತನಿಷಾ.

ಇಂಗ್ಲಿಷಿನಲ್ಲಿ, ಬಾಯಿಪಾಠ ಮಾಡಿಕೊಂಡು ಬಂದವಳಂತೆ ಹೇಳಿದಳು. ಬೇಸಿಗೆಯಿಂದ ಆ ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವಕಿಯಾಗಿದ್ದಾಳೆ. ಅಲ್ಲಿಯವರು ಇನ್ನೊಂದು ಹೋಳು ಎಲ್ಲಿ ಎಂದು ಕೇಳಿದರು. ಅಪ್ಪನನ್ನು ಕೇಳಿದರೆ ಕಳೆದುಹೋಯಿತು ಎಂದ. ಆಮೇಲೆ ಅಪ್ಪನ ಹಳೆಯ ಫೋಟೋಗಳಲ್ಲಿ ಒಂದು ಸಿಕ್ಕಿತು: ಇದೇ ಅಡುಗೆಮನೆ, ಇದೇ ಸಿಂಕು, ಆಂಟಿಯ ಎರಡೂ ಕೈಯಲ್ಲಿ ಎರಡು ಹೋಳು. ತಾನು ಕಂಡುಹಿಡಿದದ್ದಾದರೆ ಒಂದು ಹೋಳು ಆಂಟಿ ಯಾಕೆ ಇಟ್ಟುಕೊಳ್ಳುತ್ತಾರೆ? ಎರಡು ವಾರ ಬಿಡದೆ ಕೇಳಿದ ಮೇಲೆ ಅಪ್ಪ ಒಪ್ಪಿಕೊಂಡ, ಫಾರ್ಮಿನಲ್ಲಿ ಸುಮ್ಮನೆ ಮಗಳ ಹೆಸರು ಬರೆದದ್ದೆಂದು. ಕಾಲೇಜಿನ ಪ್ರಬಂಧದಿಂದ ಅದನ್ನು ತೆಗೆದುಹಾಕಿದ್ದಾಳೆ. ಮ್ಯೂಸಿಯಮ್ಮಿಗೆ ತಿಳಿಸಿದ್ದಾಳೆ. ಅವರು ಚೀಟಿ ಬದಲಿಸುತ್ತಾರೆ, ಅದಕ್ಕೆ ಆಂಟಿಯ ಸಹಿ ಬೇಕು. ಬ್ಯಾಗಿನಿಂದ ಒಂದು ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟಳು. ಕಂಡುಹಿಡಿದವರ ಹೆಸರು ಎಂಬಲ್ಲಿ ಖಾಲಿ ಜಾಗವಿತ್ತು.

“ತಪ್ಪಾಯ್ತು ಮೇಡಂ,” ಎಂದ ಕೇಶವ್, ಟೇಬಲ್ಲನ್ನೇ ನೋಡುತ್ತ. “ಮಗಳು ಅನ್ನೋ ಆಸೇಲಿ ಬರೆದ್ಬಿಟ್ಟೆ. ಆಮೇಲೆ ಎಲ್ರೂ ಹೊಗಳೋಕೆ ಶುರು ಮಾಡಿದ್ರು, ವಾಪಸ್ ತಗೊಳೋಕೆ ಬಾಯಿ ಬರ್ಲಿಲ್ಲ. ಆ ಫ್ರೀಜರ್ ಆಂಟಿ ಅಂದಿದ್ದೂ ತಪ್ಪೇ. ಕ್ಷಮಿಸ್ಬೇಕು.”

ಸಂತೋಷವಾಯಿತು. ಹೊಟ್ಟೆಯಿಂದ ಎದ್ದು ಕುತ್ತಿಗೆಯವರೆಗೆ ಬಿಸಿಯಾಗಿ ಹಬ್ಬುವ ಸಂತೋಷ, ಮುಚ್ಚಿಟ್ಟುಕೊಳ್ಳಲು ಅವಳು ನೀರಿನ ಲೋಟ ಹಿಡಿಯಬೇಕಾಯಿತು. ಅದರ ಜೊತೆಗೇ ಒಂದು ಕಿರಿಕಿರಿಯೂ ಇತ್ತು. ಇವನು ತಾನಾಗಿಯೇ ಬಗ್ಗಿಬಿಟ್ಟನಲ್ಲ, ಬಗ್ಗಿಸುವ ಸುಖ ತನಗೆ ಸಿಗಲಿಲ್ಲವಲ್ಲ. ಅವನ ನೆತ್ತಿಯ ಬೋಳು ಕಾಣುತ್ತಿತ್ತು. ಇನ್ನಷ್ಟು ಹೊತ್ತು ಹೀಗೇ ಕೂತಿರಲಿ, ತಟ್ಟೆಯ ಉಪ್ಪಿಟ್ಟು ಕಲ್ಲಾಗುವ ತನಕ ಕೂತಿರಲಿ ಎನ್ನಿಸಿತು. ಕೇಶವ್ ಮಗಳ ಭುಜದ ಮೇಲೆ ಕೈಯಿಟ್ಟ. ಮಗಳು ಭುಜ ಸರಿಸಿಕೊಂಡಳು. ಅದನ್ನೂ ಲತಾಶ್ರೀ ನೋಡಿದಳು. ಯಾವ ಮಂಜೂ ಅವನನ್ನು ಇಷ್ಟು ಚೆನ್ನಾಗಿ ಅರೆಯುತ್ತಿರಲಿಲ್ಲ.

“ದೇರ್ಸ್ ಒನ್ ವಿಯರ್ಡ್ ಥಿಂಗ್,” ಎಂದಳು ತನಿಷಾ, ಸ್ವಲ್ಪ ನಾಚಿಕೊಂಡು. ಆಮೇಲೆ ಅಪ್ಪನ ಕಡೆ ನೋಡದೆ, ತನಗೆ ಬರುವಷ್ಟು ಕನ್ನಡದಲ್ಲೇ ಹೇಳಿದಳು: “ನಂಗೆ ನೆನಪಿದೆ ಅನ್ಸುತ್ತೆ ಆಂಟಿ. ನೀರಿನ ಹತ್ರ. ಬೂಟ್ಸ್ ಒಳಗೆ ನೀರ್ ಹೋಗಿತ್ತು. ಕೆಸರಲ್ಲಿತ್ತು, ಎರಡು ಕೈಯಲ್ಲಿ ಎಳೆದೆ. ನಿಮಗೆ ತೋರಿಸ್ದೆ, ನೀವು ಯಾರ ಹತ್ರಾನೋ ಮಾತಾಡ್ತಿದ್ರಿ, ‘ಹಾಕು ಪುಟ್ಟ’ ಅಂದ್ರಿ. ಬಟ್ ಐ ಮೇಡ್ ಇಟ್ ಅಪ್, ರೈಟ್? ಡ್ಯಾಡ್ ಅಷ್ಟು ಸಲ ಹೇಳಿದ್ರಿಂದ?”

ಅವಳು ಲತಾಶ್ರೀಯ ಮುಖವನ್ನೇ ನೋಡುತ್ತಿದ್ದಳು. ಗೊತ್ತಿರುವವರನ್ನು ಕೇಳುವ ನೋಟ. ಇವರು ಹೇಳಿದರೆ ಮುಗಿಯಿತು ಎನ್ನುವ ನೋಟ. ಇಂಥ ನೋಟ ಲತಾಶ್ರೀ ಮೇಲೆ ಬಿದ್ದು ಹದಿನೈದು ವರ್ಷವಾಗಿತ್ತು, ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎರಡು ವರ್ಷದ ನಂತರ ಇದೇ ಮೊದಲು. ಕಾಫಿ ತಂದ ಅನುಸೂಯಮ್ಮ ಅಲ್ಲೇ ನಿಂತಿದ್ದರು. ತನಿಷಾ ತಿರುಗಿ, “ಅಜ್ಜಿ, ನೀವೂ ಆ ಸಮ್ಮರ್ ಇಲ್ಲೇ ಇದ್ರಿ ಅಲ್ವಾ?” ಎಂದು ಕೇಳಿದಳು. ಅನುಸೂಯಮ್ಮ ಸೊಸೆಯ ಕಡೆ ನೋಡಿದರು. ಡಬ್ಬಗಳ ರಾದ್ಧಾಂತವನ್ನು ಅವರು ಮರೆತಿರಲಿಲ್ಲ. ಎರಡು ದಿನ ಮಾತು ಬಿಟ್ಟದ್ದನ್ನು ಯಾವ ಅತ್ತೆಯೂ ಮರೆಯುವುದಿಲ್ಲ. ಸೊಸೆಯ ಮುಖದಲ್ಲಿ ಅವರಿಗೇನು ಕಂಡಿತೋ, “ನನಗೇನು ಗೊತ್ತಾಗತ್ತಮ್ಮ ಈ ಕಲ್ಲುಗಿಲ್ಲಿನ ವಿಷಯ,” ಎಂದು ಲೋಟಗಳನ್ನಿಟ್ಟು ಹಿಂದೆ ಸರಿದರು.

ಒಂದು ಮಾತು ಸಾಕಾಗಿತ್ತು. ನೀಲಿ ಪಟ್ಟಿ ತೋರಿಸಿ ಎರಡು ನಿಮಿಷದಲ್ಲಿ ಹುಡುಗಿಗೆ ವಿವರಿಸಬಹುದಾಗಿತ್ತು. ಆಗ ಕಲ್ಲು ಅವಳದ್ದಾಗುತ್ತಿತ್ತು, ನೆನಪು ಅವಳದ್ದಾಗುತ್ತಿತ್ತು. ಮತ್ತು ಕೇಶವ್ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದ. ‘ನೋಡಿದ್ಯಾ ಮಗಳೇ, ನಾನು ಬರೆದದ್ದು ಸರಿಯಾಗೇ ಇತ್ತು’ ಎನ್ನುತ್ತಿದ್ದ. ಕೂಟದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಆ ನಗುವನ್ನು ಅವಳು ಈಗಲೇ ಕಂಡಳು, ಪ್ರತಿ ಹಲ್ಲನ್ನೂ ಕಂಡಳು.

“ಚಿಕ್ಕ ವಯಸ್ಸಲ್ಲಿ ಹಾಗಾಗತ್ತೆ ಪುಟ್ಟ,” ಎಂದಳು ಲತಾಶ್ರೀ. “ಪದೇ ಪದೇ ಕೇಳಿದ್ದು, ನಾವೇ ಮಾಡಿದ ಹಾಗೆ ಅನ್ಸಿಬಿಡತ್ತೆ. ನೀನೇನೂ ಬೇಜಾರ್ ಮಾಡ್ಕೋಬೇಡ.”

ದನಿ ಬಹಳ ಮೃದುವಾಗಿತ್ತು. ಅಷ್ಟು ಮೃದುವಾಗಿ ಅವಳು ಈಚೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ತನಿಷಾ ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. “ಓಕೆ. ಥ್ಯಾಂಕ್ ಯು ಆಂಟಿ. ದಟ್ ಹೆಲ್ಪ್ಸ್, ಆಕ್ಚುಲಿ,” ಎಂದು ಪೆನ್ನು ಕೊಟ್ಟಳು. ಲತಾಶ್ರೀ ಹೆಸರು ಬರೆದಳು, ತಾರೀಖು ಹಾಕಿದಳು, ಸಹಿ ಮಾಡಿದಳು. ಇನ್ನೊಂದು ಹೋಳನ್ನು ತಂದುಕೊಡಿ ಎಂದು ಯಾರೂ ಕೇಳಲಿಲ್ಲ, ತರುತ್ತೇನೆಂದು ಅವಳೂ ಹೇಳಲಿಲ್ಲ. ಹೊರಡುವಾಗ ಹುಡುಗಿ ಅನುಸೂಯಮ್ಮನವರ ಕಾಲು ಮುಟ್ಟಿದಳು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಬಗ್ಗಿ ಲತಾಶ್ರೀಯ ಕಾಲನ್ನೂ ಮುಟ್ಟಿದಳು. ಲತಾಶ್ರೀ ಬಾಗಿಲು ತೆರೆದು ಹಿಡಿದಳು.

ಬಾಗಿಲು ಹಾಕಿದ ಮೇಲೆ ಅನುಸೂಯಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೇಳಿದರು, “ಹೊಟ್ಟೆ ತಣ್ಣಗಾಯ್ತಾ?”

“ಆಯ್ತು ಅತ್ತೆ.”

“ಆಗ್ಲಿ. ನಿನಗೋಸ್ಕರ ಒಂದ್ ಸಲ ಸುಳ್ಳು ಹೇಳಿದೀನಿ. ಈ ವಯಸ್ಸಲ್ಲಿ ಇನ್ನೊಂದ್ ಸಲ ಹೇಳಿಸ್ಬೇಡ.”

ಲತಾಶ್ರೀ ಮುಂಬಾಗಿಲ ಪಕ್ಕದ ಕಿಟಕಿಗೆ ಬಂದಳು. ಕಾರು ಇನ್ನೂ ಹೊರಟಿರಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತ ತನಿಷಾ ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅಪ್ಪ ಏನೋ ಹೇಳುತ್ತಿದ್ದ, ಅವಳು ಅವನತ್ತ ನೋಡುತ್ತಿರಲಿಲ್ಲ. ಬಾಗಿಲಿನಿಂದ ಕಾರಿಗೆ ಇಪ್ಪತ್ತು ಹೆಜ್ಜೆ. ಚಪ್ಪಲಿ ಕೂಡ ಬೇಕಾಗಿರಲಿಲ್ಲ. ಬಾಗಿಲ ಹಿಡಿಕೆಯ ಮೇಲೆ ಅವಳ ಕೈಯಿತ್ತು, ಹಿಡಿಕೆ ತಣ್ಣಗಿತ್ತು. ಕಾರು ಹಿಂದಕ್ಕೆ ಸರಿದು ರಸ್ತೆಗೆ ತಿರುಗಿತು. ತಿರುಗುವಾಗ ತನಿಷಾ ಕಿಟಕಿಯಲ್ಲಿ ಆಂಟಿಯನ್ನು ಕಂಡು, ನಗಲು ಪ್ರಯತ್ನಿಸಿ, ಕೈ ಬೀಸಿದಳು. ಲತಾಶ್ರೀಯೂ ನಕ್ಕು ಕೈ ಬೀಸಿದಳು.